ಜೀಪಿನಲ್ಲಿ ಕುಡಿಯುವ ನೀರು

ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನು ನಂಬಿ ಹೊರಡುವಂತಿಲ್ಲವೆಂಬುದು ನಮ್ಮ ಸದಸ್ಯರಿಗೆ ತಿಳಿದ ವಿಷಯವೇ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ, 2024ರ ಜುಲೈಯಲ್ಲಿ ಶಿರಾಡಿ ಘಾಟಿ, ಎಲ್ಲ ಕಡೆಯೂ ಗುಡ್ಡ ಕುಸಿದು ಸಂಚಾರ ನಿಂತಿತು. ಅಡಿಕೆ ಮೂಟೆ ಹೇರಿ ಹೊರಟವರಾಗಲಿ, ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯುವವರಾಗಲಿ, ಮುಂದೆ ಮಣ್ಣು ಹಿಂದೆ ಲಾರಿ ಸಾಲು ಎಂಬಂತೆ ಸಿಕ್ಕಿಕೊಂಡರೆ ಹಸಿವನ್ನು ಒಂದು ಹೊತ್ತು ತಡೆಯಬಹುದು; ಬಾಯಾರಿಕೆಯನ್ನು, ಅದರಲ್ಲೂ ಮಕ್ಕಳದನ್ನು, ತಡೆಯುವುದು ಕಷ್ಟ. ರಸ್ತೆಯ ಪಕ್ಕದಲ್ಲೇ ನೀರು ಧುಮುಕುತ್ತಿರುತ್ತದೆ ನಿಜ. ಆದರೆ ಕುಸಿದ ಗುಡ್ಡದಿಂದ ಹರಿದುಬರುವ ಕೆಂಪು ನೀರು ಕುಡಿಯಲು ಯೋಗ್ಯವಲ್ಲ.

ಒಬ್ಬರಿಗೆ ದಿನಕ್ಕೆ 3 ಲೀಟರಿನಂತೆ ಲೆಕ್ಕ ಹಿಡಿದರೆ ನಾಲ್ವರಿಗೆ 12 ಲೀಟರು ಬೇಕು. ಒಂದೇ ದೊಡ್ಡ ಕ್ಯಾನಿಗಿಂತ 5 ಲೀಟರಿನ ಮೂರು ಕ್ಯಾನುಗಳು ವಾಸಿ. ಒಂದು ಸೋರಿದರೂ ಎರಡು ಉಳಿಯುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಜೀಪುಗಳು ಬರೀ ಜನರನ್ನು ಒಯ್ಯುವ ವಾಹನಗಳಲ್ಲ. ಅದೇ ಜೀಪಿನಲ್ಲಿ ಕೊಳೆರೋಗಕ್ಕೆ ಬಿಡುವ ಮದ್ದಿನ ಡ್ರಮ್ಮು, ಮೈಲುತುತ್ತ, ಕಳೆನಾಶಕ, ಡೀಸೆಲು ಎಲ್ಲವೂ ಸಾಗುತ್ತವೆ. ಮದ್ದಿನ ಖಾಲಿ ಕ್ಯಾನು ಗಟ್ಟಿಯಾಗಿರುತ್ತದೆ, ಮುಚ್ಚಳವೂ ಬಿಗಿ. 'ಚೆನ್ನಾಗಿ ತೊಳೆದರಾಯಿತು' ಎನ್ನುವವರಿದ್ದಾರೆ. ಇದು ಖಂಡಿತ ಕೂಡದು. ಎಷ್ಟು ತೊಳೆದರೂ ಪ್ಲಾಸ್ಟಿಕ್ಕು ಹೀರಿಕೊಂಡ ವಿಷ ಪೂರ್ತಿ ಹೋಗುವುದಿಲ್ಲ. ನೀರನ್ನು ಕುದಿಸಿದರೆ, ಕ್ಲೋರಿನ್ ಹಾಕಿದರೆ ರೋಗಾಣು ಸಾಯುತ್ತದೆಯೇ ಹೊರತು ಕೀಟನಾಶಕ ಹೋಗುವುದಿಲ್ಲ. ಕ್ಯಾನಿನ ತಳದ ತ್ರಿಕೋನದಲ್ಲಿ 2 ಎಂಬ ಅಂಕೆ ಇದ್ದರೆ ಸಾಕೆಂಬ ಮಾತೂ ಇದೆ. ಆ ಅಂಕೆ ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ ಹೇಳುತ್ತದೆ; ಮದ್ದಿನ ಕ್ಯಾನಿನ ಮೇಲೂ ಅದೇ ಅಂಕೆ ಇರಬಹುದು. ಖಾಲಿಯಾದುದನ್ನು ಒಡೆದು ವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳಿವೆ.

ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದು: ಉಳಿದ ಕಳೆನಾಶಕವನ್ನು ಕುಡಿಯುವ ನೀರಿನ ಬಾಟಲಿಗೆ ಬಗ್ಗಿಸಿ ಸೀಟಿನಡಿ ಇಡುವುದು. ನೀರು ಬೆರೆಸದ ಪ್ಯಾರಾಕ್ವಾಟ್ ಒಂದು ಗುಟುಕು ಹೊಟ್ಟೆಗೆ ಹೋದರೂ ಪ್ರಾಣಾಪಾಯ, ಅದಕ್ಕೆ ಪ್ರತ್ಯೌಷಧವಿಲ್ಲ. ರೇಡಿಯೇಟರಿಗೆ ಹಾಕುವ ಕೂಲೆಂಟೂ ವಿಷವೇ, ಅದೂ ಸಿಹಿಯಾದ ವಿಷ. ಆದ್ದರಿಂದ ಕುಡಿಯುವ ನೀರಿಗೆ ಸ್ಟೀಲಿನ ಪಾತ್ರೆ ಅಥವಾ ಆಹಾರಕ್ಕೆಂದೇ ಮಾಡಿದ ಹೊಸ ಕ್ಯಾನನ್ನು ಕೊಂಡು, ಮೇಲೆ ಬಣ್ಣದಲ್ಲಿ 'ಕುಡಿಯುವ ನೀರು' ಎಂದು ಬರೆಸಿರಿ. ಓದು ಬಾರದ ಆಳುಗಳಿಗೂ ಗುರುತು ಸಿಗುವಂತೆ ಬಣ್ಣ ಬೇರೆಯಾಗಿದ್ದರೆ ಒಳ್ಳೆಯದು. ಮದ್ದು ಸಾಗಿಸುವ ದಿನ ನೀರಿನ ಕ್ಯಾನನ್ನು ಮನೆಯಲ್ಲೇ ಇಳಿಸಿ ಹೋಗಿ.

ತುಂಬುವ ಕ್ರಮ ಸುಲಭ. ನೀರು ಕದಡಿದ್ದರೆ ಬಟ್ಟೆಯಲ್ಲಿ ಸೋಸಿ, ಕೊತಕೊತನೆ ಒಂದು ನಿಮಿಷ ಕುದಿಸಿ, ಆರಿದ ಮೇಲೆ ತುಂಬಿರಿ. ಕ್ಲೋರಿನ್ ಮಾತ್ರೆಯಾದರೆ ಅದರ ಮೇಲೆ ಬರೆದ ಅಳತೆಯಂತೆ ಹಾಕಿ ಅರ್ಧ ಗಂಟೆ ಕಾಯತಕ್ಕದ್ದು. ವಾರಕ್ಕೊಮ್ಮೆ, ಸಂತೆಯ ದಿನ ಎಂದು ಇಟ್ಟುಕೊಂಡರೆ ನೆನಪು ತಪ್ಪದು, ಹಳೆಯದನ್ನು ಗಿಡಕ್ಕೆ ಚೆಲ್ಲಿ ಹೊಸದನ್ನು ತುಂಬಿರಿ.

ಕ್ಯಾನುಗಳನ್ನು ಟಾಪಿನ ಮೇಲೆ ಹೇರಬೇಡಿ. ತಿರುವುಗಳಲ್ಲಿ ಮೇಲಿನ ಭಾರ ಒಳ್ಳೆಯದಲ್ಲ. ಸೀಟಿನ ಹಿಂದೆ ನೆಲದ ಮೇಲೆ ಹಗ್ಗದಿಂದ ಬಿಗಿದು, ಗೋಣಿಚೀಲ ಮುಚ್ಚಿ. ಬೇಸಿಗೆಯಲ್ಲಿ ಜೀಪು ಬಿಸಿಲಿಗೆ ನಿಲ್ಲುವುದಾದರೆ ಪ್ಲಾಸ್ಟಿಕ್ಕಿಗಿಂತ ಸ್ಟೀಲೇ ಮೇಲು. ಕ್ಯಾನಿನ ಹಿಡಿಗೆ ಒಂದು ಲೋಟವನ್ನೂ ಕಟ್ಟಿಡಿ. ಕತ್ತಲಲ್ಲಿ 5 ಲೀಟರಿನ ಕ್ಯಾನನ್ನು ಎತ್ತಿ ಮಗುವಿನ ಬಾಯಿಗೆ ಹಿಡಿಯಲಾಗುವುದಿಲ್ಲ.