ದ್ವೀಪ ಪ್ರವಾಸ: ಮೊದಲ ಒಂದು ಗಂಟೆ ನಿಮ್ಮ ಕೈಯಲ್ಲೇ ಇದೆ

ಆರೋಗ್ಯ ಪ್ರಶ್ನೋತ್ತರ

ಸಮುದ್ರದಿಂದ ದೂರವಿರುವ ಊರು ನಮ್ಮದು. ಆದರೂ ರಜೆ ಬಂತೆಂದರೆ ಅಂಡಮಾನ್, ಬಾಲಿ, ಮಲ್ಪೆಯ ದ್ವೀಪ ಎಂದು ಹೊರಡುವ ಕುಟುಂಬಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊರಟವರು, ಹೋಗಿ ಬಂದವರು ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಎಲ್ಲ ಉತ್ತರಗಳ ಹಿಂದೆಯೂ ಒಂದೇ ಮಾತಿದೆ. ತುಮಕೂರಿನಲ್ಲಿ ಕಾಲಿಗೆ ಗಾಜು ಚುಚ್ಚಿದರೆ ಹತ್ತು ನಿಮಿಷದಲ್ಲಿ ಆಸ್ಪತ್ರೆ ಸಿಗುತ್ತದೆ. ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಜಿ.ಬಿ. ಪಂತ್ ಆಸ್ಪತ್ರೆಗೆ ಹೋಗಬೇಕಾದರೆ ಹಡಗು ಹತ್ತಿ ಒಂದೂವರೆ ಎರಡು ಗಂಟೆ ಪಯಣಿಸಿ ಪೋರ್ಟ್ ಬ್ಲೇರ್, ಅಂದರೆ ಈಗಿನ ಶ್ರೀ ವಿಜಯಪುರಂ ತಲುಪಬೇಕು. ಹಾಗಾಗಿ ಮೊದಲ ಒಂದು ಗಂಟೆಯ ಆರೈಕೆ ನೀವೇ ಮಾಡಿಕೊಳ್ಳಬೇಕಾದದ್ದು. ಅದು ಸರಿಯಾದರೆ ಮುಂದಿನದು ಹಗುರ.

ಪ್ರಶ್ನೆ: ನನಗೆ 63 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ಜೊತೆಗೆ ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ. ಮಗ, ಸೊಸೆ ಅಂಡಮಾನ್‌ಗೆ ಕರೆದುಕೊಂಡು ಹೋಗುತ್ತೇವೆ ಅಂತಿದ್ದಾರೆ. ಇನ್ಸುಲಿನ್ ಕೆಡುವುದಿಲ್ಲವೇ? ಊಟದ ಹೊತ್ತು ಏರುಪೇರಾದರೆ? ಎಳನೀರು ಕುಡಿಯಬಹುದೇ?
— ನಿವೃತ್ತ ಶಿಕ್ಷಕರು, ಸದಾಶಿವನಗರ

ಉತ್ತರ: ಧೈರ್ಯವಾಗಿ ಹೋಗಿ ಬನ್ನಿ, ಮೇಷ್ಟ್ರೇ. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ವಿಮಾನದ ಹೊಟ್ಟೆಗೆ ಹೋಗುವ ಲಗೇಜಿನಲ್ಲಿ ಇಟ್ಟರೆ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಅದೇ ಕಾರಣಕ್ಕೆ ಐಸ್‌ಗೆ ತಾಗಿಸಿಯೂ ಇಡಬೇಡಿ. ಬಳಸುತ್ತಿರುವ ಪೆನ್ ಅಥವಾ ಬಾಟಲಿ ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಚೆನ್ನಾಗಿರುತ್ತದೆ. ಅದನ್ನು ಕೆಡಿಸುವುದು ಬಿಸಿಲಲ್ಲಿ ಬಿಟ್ಟ ಬ್ಯಾಗು ಮತ್ತು ನಿಲ್ಲಿಸಿದ ಕಾರು.

ನನಗೆ ಹೆಚ್ಚು ಆತಂಕ ತರುವುದು ನಿಮ್ಮ ಊಟದ ಹೊತ್ತು. ದ್ವೀಪದಿಂದ ದ್ವೀಪಕ್ಕೆ ಹಡಗು ಬೆಳಿಗ್ಗೆ ಬೇಗನೆ ಹೊರಡುತ್ತದೆ. ಮನೆಯ ಅಭ್ಯಾಸದಂತೆ ಏಳು ಗಂಟೆಗೆ ಇನ್ಸುಲಿನ್ ಚುಚ್ಚಿಕೊಂಡು, ತಿಂಡಿ ಹತ್ತಕ್ಕೆ ಸಿಕ್ಕರೆ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಶುರುವಾಗುತ್ತದೆ. ತಟ್ಟೆ ಮುಂದೆ ಬಂದ ಮೇಲೆಯೇ ಊಟದ ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳಿ. ಜೇಬಿನಲ್ಲಿ ಸದಾ ಸಕ್ಕರೆ ಇಲ್ಲವೇ ಗ್ಲೂಕೋಸ್ ಪುಡಿ ಇರಲಿ. ನಡುಕ ಬಂದರೆ ಅದರಲ್ಲಿ ಮೂರು ಚಮಚದಷ್ಟನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳಿ.

ವಾಂತಿ ಭೇದಿಯಾಗಿ ಊಟ ನಿಂತರೆ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ, ಪ್ರಮಾಣ ಬದಲಾಗಬಹುದು. ನಿಮ್ಮ ವೈದ್ಯರಿಂದ ಇದನ್ನು ಹೊರಡುವ ಮುನ್ನವೇ ಚೀಟಿಯಲ್ಲಿ ಬರೆಸಿಕೊಳ್ಳಿ. ಎಳನೀರಿನಲ್ಲೂ ಸಕ್ಕರೆ ಇದೆ. ದಿನಕ್ಕೊಂದು, ಅದೂ ಗಂಜಿ ಹೆಚ್ಚಿಲ್ಲದ್ದು ಸಾಕು. ಮೂತ್ರಪಿಂಡದ ತೊಂದರೆಯೂ ಇದ್ದರೆ ಎಳನೀರಿನ ಪೊಟ್ಯಾಸಿಯಂ ಅಪಾಯ, ಕುಡಿಯಲೇಬೇಡಿ.

ಇನ್ನೊಂದು ಮಾತು. ಮರಳಿನ ಮೇಲೆ ಬರಿಗಾಲಲ್ಲಿ ನಡೆಯಬೇಡಿ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಅಲ್ಲಿನ ಅಂಗಡಿಯಲ್ಲಿ ಕೊಂಡ ಹೊಸ ರಬ್ಬರ್ ಚಪ್ಪಲಿಯೂ ಬೇಡ, ಬೆರಳ ಸಂದಿ ಉಜ್ಜಿ ಗುಳ್ಳೆಯೇಳುತ್ತದೆ. ಪಳಗಿದ ಚಪ್ಪಲಿ ಹಾಕಿಕೊಳ್ಳಿ, ರಾತ್ರಿ ಮಲಗುವ ಮುನ್ನ ಎರಡೂ ಪಾದದ ಅಡಿಯನ್ನು ಸೊಸೆಗೆ ತೋರಿಸಿ.

ಪ್ರಶ್ನೆ: ಡಾಕ್ಟ್ರೇ, ನಾವು ಅಡಿಕೆ ತೋಟದವರು, ಬಿಸಿಲು ನಮಗೆ ಹೊಸದಲ್ಲ. ಅಂಡಮಾನಿನಲ್ಲಿ ನೀರಿನ ಮೇಲೆ ಮಲಗಿ ಮೀನು ನೋಡಿದ್ದಷ್ಟೇ, ಸಂಜೆಗೆ ಬೆನ್ನು ಪೂರ್ತಿ ಕೆಂಪಾಗಿ ಗುಳ್ಳೆ ಎದ್ದವು. ಯಾಕೆ ಹೀಗಾಯಿತು?
— ಕೃಷಿಕರು, ಗುಬ್ಬಿ

ಉತ್ತರ: ತೋಟದಲ್ಲಿ ನಿಮ್ಮ ಮೈಮೇಲೆ ಅಂಗಿ, ತಲೆಗೆ ಟವೆಲ್, ಮೇಲೆ ಅಡಿಕೆ ತೆಂಗಿನ ನೆರಳು. ಅಂಡಮಾನಿನಲ್ಲಿ ಬೆನ್ನು ಬರಿದಾಗಿತ್ತು, ನೀರಿನ ತಂಪಿನಲ್ಲಿ ಉರಿ ಗೊತ್ತಾಗಲಿಲ್ಲ. ಚರ್ಮ ಸುಡುವುದು ಬಿಸಿಲಿನ ಶಾಖದಿಂದಲ್ಲ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿಂದ. ಬಿಳಿ ಮರಳೂ ಆ ಕಿರಣಗಳನ್ನು ಹಿಂದಕ್ಕೆ ಎರಚುತ್ತದೆ.

ಇನ್ನೊಂದು ಕಾರಣ ಗಡಿಯಾರ. ದೇಶಕ್ಕೆಲ್ಲ ಒಂದೇ ಸಮಯ, ಆದರೆ ಅಂಡಮಾನ್ ನಮಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಗುಬ್ಬಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂಕಾಲು ದಾಟಿದ ಮೇಲೆ, ಅಲ್ಲಿ ಸುಮಾರು ಹನ್ನೊಂದೂಕಾಲಿಗೇ. ನೀವು ಬೆಳಗಿನ ಬಿಸಿಲು ಅಂದುಕೊಂಡ ಹತ್ತೂವರೆ ಅಲ್ಲಿ ಹೆಚ್ಚುಕಡಿಮೆ ನಡುಮಧ್ಯಾಹ್ನ. ಬೆಳಿಗ್ಗೆ 9ರಿಂದ 2ರವರೆಗೆ ತುಂಬುತೋಳಿನ ಅಂಗಿ ತೊಟ್ಟೇ ನೀರಿಗಿಳಿಯಬೇಕು. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಅನ್ನು ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ ಮತ್ತೆ ಹಚ್ಚಬೇಕು. ಸುಟ್ಟ ಮೇಲೆ ತಣ್ಣೀರಿನ ಬಟ್ಟೆ ಹಾಕಿ, ಲೋಳೆಸರದ ತಿರುಳು ಹಚ್ಚಿ, ನೀರು ಹೆಚ್ಚು ಕುಡಿಯಿರಿ. ಗುಳ್ಳೆ ಒಡೆಯಬೇಡಿ. ಟೂತ್‌ಪೇಸ್ಟ್, ಬೆಣ್ಣೆ ಬಳಿಯಬೇಡಿ. ಜ್ವರ, ಚಳಿ, ವಾಂತಿ ಇದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಸ್ವರಾಜ್ ದ್ವೀಪದಲ್ಲಿ ನೀರಿಗಿಳಿದಾಗ ಹವಳದ ಬಂಡೆ ತಾಗಿ ಕಾಲು ತರಚಿತು. ರಕ್ತ ನಿಲ್ಲಲೆಂದು ಕಾಫಿಪುಡಿ ಹಾಕಿದೆ. ಮೂರು ವಾರವಾದರೂ ಮಾಗಿಲ್ಲ, ಸುತ್ತಲೂ ಗಂಟು ಗಂಟಾಗಿದೆ.
— ಗೃಹಿಣಿ, ಗುಬ್ಬಿ

ಉತ್ತರ: ತಾಯಿ, ಹವಳದ ಗಾಯ ನೋಡಲು ಸಣ್ಣದು, ಮಾಗುವುದು ನಿಧಾನ. ಹವಳದ ಸುಣ್ಣದ ಚೂರು ಮತ್ತು ಅದರ ಜೀವಿಯ ಲೋಳೆ ಗಾಯದೊಳಗೇ ಉಳಿದಿರುತ್ತದೆ. ಕಾಫಿಪುಡಿ, ಅರಿಶಿನ, ಸುಣ್ಣ ಯಾವುದನ್ನು ತುಂಬಿದರೂ ಆ ಕೊಳೆಯನ್ನು ಒಳಗೇ ಮುಚ್ಚಿಟ್ಟಂತೆ. ಆ ಕ್ಷಣದಲ್ಲಿ ಮಾಡಬೇಕಾದದ್ದು ಕುಡಿಯುವ ನೀರು ಮತ್ತು ಸಾಬೂನಿನಿಂದ, ನೋವಾದರೂ ಬಿಡದೆ, ಚೆನ್ನಾಗಿ ಉಜ್ಜಿ ತೊಳೆಯುವುದು. ಕಾಣುವ ಚೂರನ್ನು ಚಿಮಟದಿಂದ ತೆಗೆದು, ಪೊವಿಡೋನ್ ಅಯೋಡಿನ್ ಹಚ್ಚಿ, ಒಣಬಟ್ಟೆ ಕಟ್ಟಬೇಕು. ಟಿಟಿ ಚುಚ್ಚುಮದ್ದು ಐದು ವರ್ಷದೊಳಗೆ ಆಗಿಲ್ಲದಿದ್ದರೆ ಹಾಕಿಸಿಕೊಳ್ಳಬೇಕು.

ನೀವು ಈಗ ಮನೆಮದ್ದು ಬಿಟ್ಟು ಈ ವಾರವೇ ಚರ್ಮವೈದ್ಯರನ್ನೋ ಶಸ್ತ್ರವೈದ್ಯರನ್ನೋ ಕಾಣಿ. ಒಳಗೆ ಚೂರು ಉಳಿದಿದೆಯೇ ಎಂದು ಎಕ್ಸ್‌ರೇ ಬೇಕಾಗಬಹುದು, ರಕ್ತದ ಸಕ್ಕರೆಯನ್ನೂ ನೋಡಬೇಕು. ಸಮುದ್ರದ ನೀರಿನಲ್ಲಿರುವ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ರೋಗಾಣು ವಾರಗಳ ನಂತರ ಇಂಥ ಗಂಟುಗಳನ್ನು ಎಬ್ಬಿಸುತ್ತದೆ, ಅದಕ್ಕೆ ಔಷಧಿಯೇ ಬೇರೆ. ಹಾಗಾಗಿ ಗಾಯ ಸಮುದ್ರದಲ್ಲಿ ಆದದ್ದು ಎಂದು ಮೊದಲ ಮಾತಿನಲ್ಲೇ ಹೇಳಿ. ಸಕ್ಕರೆ ಕಾಯಿಲೆ ಅಥವಾ ಯಕೃತ್ತಿನ ಕಾಯಿಲೆ ಇರುವವರಿಗೆ ಸಮುದ್ರದ ಗಾಯವಾಗಿ, ಅದೇ ದಿನ ಊತ ಮೇಲೇರಿ ಜ್ವರ ಬಂದರೆ ಅದು ತುರ್ತು. ವಿಬ್ರಿಯೋ ಎಂಬ ರೋಗಾಣು ಗಂಟೆಗಳ ಲೆಕ್ಕದಲ್ಲಿ ಜೀವ ತೆಗೆಯಬಲ್ಲದು.

ಪ್ರಶ್ನೆ: ಟ್ಯೂನಾ ಮೀನು ತಿಂದ ಅರ್ಧ ಗಂಟೆಯಲ್ಲಿ ನಮ್ಮ ಗುಂಪಿನ ಮೂವರಿಗೆ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಹೊಡೆದುಕೊಂಡಿತು. ಇನ್ನು ಜೀವಮಾನವಿಡೀ ಮೀನು ತಿನ್ನಬಾರದೇ?
— ಓದುಗರು, ಸದಾಶಿವನಗರ

ಉತ್ತರ: ಒಂದೇ ಮೀನು ತಿಂದ ಮೂವರಿಗೆ ಒಟ್ಟಿಗೆ ಹೀಗಾದರೆ ಅದು ಅಲರ್ಜಿ ಇರಲಾರದು. ಟ್ಯೂನಾ, ಬಂಗುಡೆಯಂಥ ಮೀನನ್ನು ಹಿಡಿದ ಕೂಡಲೇ ಐಸ್‌ನಲ್ಲಿ ಇಡದಿದ್ದರೆ ಅದರ ಮಾಂಸದಲ್ಲಿ ಹಿಸ್ಟಮಿನ್ ತುಂಬಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ಬಾಯಿಗಿಟ್ಟಾಗ ಮೆಣಸಿನಂತೆ ಚುರುಗುಟ್ಟಿದರೆ ಅಲ್ಲಿಗೇ ಬಿಡಿ. ಸೆಟ್ರಿಜಿನ್‌ನಂಥ ಮಾತ್ರೆಯಿಂದ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಒಮ್ಮೆ ವೈದ್ಯರಿಗೆ ತೋರಿಸಿ ಖಚಿತ ಮಾಡಿಕೊಂಡರೆ ತಾಜಾ ಮೀನು ತಿನ್ನಲು ಅಡ್ಡಿಯಿಲ್ಲ.

ಇದಕ್ಕಿಂತ ಬೇರೆಯಾದ ಇನ್ನೊಂದು ವಿಷವಿದೆ, ಸಿಗ್ವಾಟೆರಾ. ಹವಳದ ಬಂಡೆಗಳ ಮೇಲೆ ಬೆಳೆಯುವ ಸೂಕ್ಷ್ಮ ಪಾಚಿಯ ವಿಷ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತಾ ಹೋಗುತ್ತದೆ. ಮೀನು ತಾಜಾ ಇದ್ದರೂ, ರುಚಿ ವಾಸನೆ ಸರಿಯಿದ್ದರೂ ವಿಷ ಇರಬಹುದು. ಮೊದಲು ವಾಂತಿ ಭೇದಿ, ಆಮೇಲೆ ತುಟಿ ಬೆರಳುಗಳಲ್ಲಿ ಜುಮ್ಮು, ತಣ್ಣೀರು ಮುಟ್ಟಿದರೆ ಸುಟ್ಟಂಥ ಅನುಭವ. ಇದು ದೂರದ ಕಥೆಯಲ್ಲ. 2016ರಲ್ಲಿ ಮಂಗಳೂರಿನಲ್ಲೇ ಕೆಂಪು ಸ್ನ್ಯಾಪರ್ ಮೀನು ತಿಂದವರಲ್ಲಿ ಕಾಣಿಸಿಕೊಂಡಿತ್ತು. ದ್ವೀಪಗಳಲ್ಲಿ ಬಂಡೆ ಸುತ್ತ ಸಿಗುವ ಬಹಳ ದೊಡ್ಡ ಸ್ನ್ಯಾಪರ್, ಗ್ರೂಪರ್, ಬ್ಯಾರಕುಡಾ ಬೇಡ. ಅವುಗಳ ತಲೆ, ಯಕೃತ್ತು, ಮೊಟ್ಟೆಯನ್ನಂತೂ ಮುಟ್ಟಲೇಬೇಡಿ.

ಪ್ರಶ್ನೆ: ಬಾಲಿಯಲ್ಲಿ ನಾಲ್ಕು ವರ್ಷದ ಮಗಳಿಗೆ ಭೇದಿ ಶುರುವಾಯಿತು. ಅಂಗಡಿಯ ಹಣ್ಣಿನ ಜ್ಯೂಸ್ ಕುಡಿಸಿದಷ್ಟೂ ಹೆಚ್ಚಾಯಿತು. ಮತ್ತೆ ಹೀಗಾದರೆ ಏನು ಮಾಡಲಿ?
— ತಾಯಿ, ಕುಣಿಗಲ್

ಉತ್ತರ: ಜ್ಯೂಸಿನ ಅತಿ ಸಕ್ಕರೆ ಕರುಳಿಗೆ ಇನ್ನಷ್ಟು ನೀರು ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ 20.5 ಗ್ರಾಂ ಓಆರ್‌ಎಸ್ ಪೊಟ್ಟಣವನ್ನು ಇಲ್ಲಿಂದಲೇ ಒಯ್ಯಿರಿ. ಒಂದು ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಅರ್ಧ ಪೊಟ್ಟಣವನ್ನು ಲೋಟಕ್ಕೆ ಸುರಿದು ಕೊಡುವುದು ತಪ್ಪು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ವಾಂತಿ ಇದ್ದರೂ ಚಮಚ ಚಮಚವಾಗಿ ಕುಡಿಸುತ್ತಿರಿ, ಗಂಜಿ, ಮೊಸರನ್ನ ನಿಲ್ಲಿಸಬೇಡಿ. ಮಕ್ಕಳಿಗೆ ವೈದ್ಯರ ಸಲಹೆಯಂತೆ 14 ದಿನ ಜಿಂಕ್ ಕೊಡಬೇಕು. ಮಲದಲ್ಲಿ ರಕ್ತ, ಕಣ್ಣು ಗುಳಿ ಬೀಳುವುದು, ಮೂತ್ರ ನಿಲ್ಲುವುದು, ಮಂಕು ಕಂಡರೆ ಆಸ್ಪತ್ರೆಗೆ ಒಯ್ಯಿರಿ. ಪ್ರವಾಸದಲ್ಲಿ ಕೊಯ್ದಿಟ್ಟ ಹಣ್ಣು ಮತ್ತು ಪಾನೀಯದ ಐಸ್, ಇವೆರಡನ್ನು ಬಿಡಿ. ನಿಮ್ಮ ಕಣ್ಣೆದುರಿಗೆ ಸುಲಿದ ಬಾಳೆಹಣ್ಣು, ಬಿಸಿಯಾಗಿ ಬಡಿಸಿದ ಅನ್ನ ಕ್ಷೇಮ.

ಪ್ರಶ್ನೆ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದಾಗ ಗೆಳೆಯನ ಕಾಲಿಗೆ ಜೆಲ್ಲಿ ಮೀನು ತಾಗಿ ಬರೆ ಎದ್ದಿತು. ಮೂತ್ರ ಹಾಕಿದರೆ ಉರಿ ಹೋಗುತ್ತದೆಂದು ಯಾರೋ ಹೇಳಿದರು. ನಿಜವೇ?
— ವಿದ್ಯಾರ್ಥಿ, ಕುಣಿಗಲ್

ಉತ್ತರ: ನಿಜವಲ್ಲ. ಚರ್ಮಕ್ಕೆ ಅಂಟಿದ ಎಳೆಗಳಲ್ಲಿ ಇನ್ನೂ ಸಿಡಿಯದ ವಿಷಕೋಶಗಳು ಸಾವಿರಾರು ಇರುತ್ತವೆ. ಮೂತ್ರ, ಸಿಹಿನೀರು, ಮರಳಿನಿಂದ ತಿಕ್ಕುವುದು ಅವುಗಳನ್ನು ಸಿಡಿಸಿ ವಿಷ ಹೆಚ್ಚಿಸಬಹುದು. ಸಮುದ್ರದ ನೀರಿನಲ್ಲೇ ಮೆಲ್ಲಗೆ ತೊಳೆದು, ಎಳೆಗಳನ್ನು ಚಿಮಟದಿಂದ ತೆಗೆಯಿರಿ, ಬರಿಗೈ ಬೇಡ. ಆಮೇಲೆ ತಡೆಯಬಲ್ಲಷ್ಟು ಬಿಸಿಯ, ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 20 ನಿಮಿಷ ಮುಳುಗಿಸಿಡಿ. ವಿನೆಗರ್ ಎಲ್ಲ ಜಾತಿಗೂ ಆಗಿಬರುವುದಿಲ್ಲ, ಅಲ್ಲಿನ ಜೀವರಕ್ಷಕರು ಹೇಳಿದರೆ ಮಾತ್ರ ಬಳಸಿ. ಉಸಿರಾಟಕ್ಕೆ ತೊಂದರೆ, ಎದೆನೋವು, ವಾಂತಿ ಇದ್ದರೆ 108ಕ್ಕೆ ಕರೆ ಮಾಡಿ. ಆ ದ್ವೀಪದ ಕಂಬದಂಥ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ. ಫೋಟೋಗಾಗಿ ಅಂಚಿಗೆ ಹೋಗಬೇಡಿ.

ಪ್ರಶ್ನೆ: ಬೀಚಿನಲ್ಲಿ ಕೈಗೆ ಕಪ್ಪು ಮೆಹಂದಿ ಹಾಕಿಸಿಕೊಂಡೆ. ಹತ್ತು ದಿನಕ್ಕೆ ಚಿತ್ತಾರ ಇದ್ದಲ್ಲೇ ಗುಳ್ಳೆ ಎದ್ದು ಸೋರುತ್ತಿದೆ.
— ಹೆಸರು ಬೇಡ, ಸದಾಶಿವನಗರ

ಉತ್ತರ: ನಿಜವಾದ ಮದರಂಗಿ ಗಂಟೆಗಟ್ಟಲೆ ಇದ್ದು ಕೆಂಗಂದು ಬಣ್ಣ ಕೊಡುತ್ತದೆ. ಅರ್ಧ ಗಂಟೆಯಲ್ಲಿ ಕಡುಗಪ್ಪು ಬಂದರೆ ಅದರಲ್ಲಿ ಕೂದಲ ಬಣ್ಣದ ರಾಸಾಯನಿಕವಾದ ಪಿಪಿಡಿ ಬೆರೆತಿರುತ್ತದೆ. ಚರ್ಮವೈದ್ಯರು ಕೊಡುವ ಮುಲಾಮಿನಿಂದ ಗುಳ್ಳೆ ಮಾಗುತ್ತದೆ, ಆದರೆ ಈ ಅಲರ್ಜಿ ಜೀವನಪರ್ಯಂತ ಉಳಿಯುತ್ತದೆ. ಮುಂದೆಂದಾದರೂ ಕೂದಲಿಗೆ ಕಪ್ಪು ಡೈ ಹಚ್ಚಿದರೆ ಮುಖ, ಕಣ್ಣು ಊದಿ ಆಸ್ಪತ್ರೆ ಸೇರುವಂತಾಗಬಹುದು. ಪಾರ್ಲರಿನಲ್ಲಿ, ವೈದ್ಯರ ಬಳಿ ಇದನ್ನು ಮರೆಯದೆ ಹೇಳಿ. ಮಕ್ಕಳಿಗಂತೂ ಕಪ್ಪು ಮೆಹಂದಿ ಹಾಕಿಸಲೇಬೇಡಿ.

ಪ್ರಶ್ನೆ: ಮಕ್ಕಳು ದಡದಲ್ಲಿ ಕಪ್ಪೆಚಿಪ್ಪು, ಹವಳದ ತುಂಡು ಆರಿಸುತ್ತಾರೆ. ಮನೆಗೆ ತರಬಹುದೇ?
— ಓದುಗರು, ಗುಬ್ಬಿ

ಉತ್ತರ: ಬೇಡ. ಶಂಕುವಿನಾಕಾರದ ಚಂದದ ಚಿಪ್ಪಿನೊಳಗೆ ಜೀವಂತ ಕೋನ್ ಬಸವನಹುಳು ಇದ್ದರೆ ಅದರ ಕುಟುಕು ಪ್ರಾಣಕ್ಕೇ ಎರವಾಗಬಹುದು. ಇನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೂ ಹಲವು ಜಾತಿಯ ಚಿಪ್ಪುಗಳಿಗೂ ರಕ್ಷಣೆ ಇದೆ. ಸತ್ತ ಹವಳದ ತುಂಡು ಒಯ್ದರೂ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ. ನೆನಪಿಗೆ ಏನಾದರೂ ಬೇಕಿದ್ದರೆ ಪೋರ್ಟ್ ಬ್ಲೇರಿನ ಸರ್ಕಾರಿ ಸಾಗರಿಕಾ ಮಳಿಗೆಯಲ್ಲಿ ಕೊಂಡು, ಬಿಲ್ಲು ಇಟ್ಟುಕೊಳ್ಳಿ.

ಪ್ರಶ್ನೆ: ಅಂಡಮಾನಿನಿಂದ ಬಂದು ಆರು ದಿನಕ್ಕೆ ಯಜಮಾನರಿಗೆ ಜೋರು ಜ್ವರ, ಮೈಕೈ ನೋವು. ಮೆಡಿಕಲ್ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಟ್ಟಿದ್ದಾರೆ. ಪಪ್ಪಾಯ ಎಲೆಯ ರಸ ಕೊಡಲೇ?
— ಗೃಹಿಣಿ, ಸದಾಶಿವನಗರ

ಉತ್ತರ: ನೋವಿನ ಮಾತ್ರೆ ಈಗಲೇ ನಿಲ್ಲಿಸಿ. ಡೆಂಗಿ ಸೊಳ್ಳೆ ಕಚ್ಚಿದ 4ರಿಂದ 10 ದಿನದಲ್ಲಿ ಜ್ವರ ಬರುತ್ತದೆ, ನಿಮ್ಮ ಲೆಕ್ಕ ಅದಕ್ಕೆ ಹೊಂದುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಪಪ್ಪಾಯ ರಸವನ್ನು ನಂಬಿ ದಿನ ಕಳೆಯಬೇಡಿ. ನಾಳೆ ಎನ್ನದೆ ಇವತ್ತೇ ವೈದ್ಯರಿಗೆ ತೋರಿಸಿ ಡೆಂಗಿ, ಮಲೇರಿಯಾ ಪರೀಕ್ಷೆ ಮಾಡಿಸಿ. ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಇದ್ದರೆ ಇಲಿ ಜ್ವರವನ್ನೂ ನೋಡಬೇಕು, ಅದು ಅಂಡಮಾನಿನಲ್ಲಿ ಹಿಂದಿನಿಂದಲೂ ಇದೆ. ಜ್ವರ ಇಳಿದ ದಿನವೇ ನಿರಾಳವಾಗಬೇಡಿ. ಡೆಂಗಿಯಲ್ಲಿ ಅಪಾಯ ಬರುವುದು ಸಾಮಾನ್ಯವಾಗಿ ಜ್ವರ ಬಿಡುವ ಹೊತ್ತಿನಲ್ಲೇ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ರಾತ್ರಿಯಾದರೂ ದಾಖಲಿಸಿ.

ಹೊರಡುವ ಎಲ್ಲರಿಗೂ: ಓಆರ್‌ಎಸ್, ಪ್ಯಾರಾಸಿಟಮಾಲ್, ಸೆಟ್ರಿಜಿನ್, ಪೊವಿಡೋನ್ ಅಯೋಡಿನ್, ಹತ್ತಿಬಟ್ಟೆ, ಚಿಮಟ, ಸೊಳ್ಳೆ ಮುಲಾಮು, ಥರ್ಮಾಮೀಟರ್ ಇವಿಷ್ಟು ಒಂದು ಸಣ್ಣ ಚೀಲದಲ್ಲಿರಲಿ. ದಿನನಿತ್ಯದ ಔಷಧಿ ಪ್ರವಾಸದ ದಿನಗಳಿಗಿಂತ ಒಂದು ವಾರ ಹೆಚ್ಚಿಗಿರಲಿ, ವೈದ್ಯರ ಚೀಟಿ ಜೊತೆಗಿರಲಿ. ಕುಡಿದು ಸಮುದ್ರಕ್ಕೆ ಇಳಿಯಬೇಡಿ. ಹಿಂದಿರುಗಿದ ಒಂದು ತಿಂಗಳೊಳಗೆ ಜ್ವರ, ಗಾಯ, ಭೇದಿ ಏನೇ ಕಾಣಿಸಿದರೂ, ವೈದ್ಯರು ಕೇಳುವವರೆಗೆ ಕಾಯದೆ, ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ನೀವೇ ಮೊದಲು ಹೇಳಿ. ಸರಿಯಾದ ಪರೀಕ್ಷೆ, ಸರಿಯಾದ ಔಷಧಿ ಶುರುವಾಗುವುದು ಆ ಒಂದು ಮಾತಿನಿಂದ.