‘ಹಸಿರು’ ಅಂದರೆ ಯಾವ ಗಿಡ?



ಬ್ಯಾಡಗಿ ಮಾರುಕಟ್ಟೆಯಲ್ಲಿ ‘ಒಳ್ಳೆ ಮೆಣಸಿನಕಾಯಿ ತಂದೀವಿ’ ಅಂದರೆ ಸಾಕೇ? ಡಬ್ಬಿಯೋ ಕಡ್ಡಿಯೋ, ಬಣ್ಣ ಹೇಗಿದೆ, ಸರಿಯಾಗಿ ಒಣಗಿದೆಯೋ ಇಲ್ಲವೋ ಎಂದು ಚೀಲ ಬಿಚ್ಚಿ ನೋಡಿಯೇ ದರ ಹಾಕುತ್ತಾರೆ. ಆದರೆ ಗ್ರಾಮಸಭೆಯಲ್ಲಿ ‘ಹಸಿರೀಕರಣ’, ‘ಸುಸ್ಥಿರ ಅಭಿವೃದ್ಧಿ’, ‘ಪಾಳುಭೂಮಿ ಅಭಿವೃದ್ಧಿ’ ಎಂಬ ಮಾತು ಬಂದಾಗ ಚೀಲ ಬಿಚ್ಚುವವರೇ ಕಡಿಮೆ. ಎಲ್ಲರೂ ತಲೆಯಾಡಿಸುತ್ತಾರೆ, ಠರಾವು ಪಾಸಾಗುತ್ತದೆ.

ಇಂಥ ಒಂದು ಮಾತಿನಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಪಾಠವಿದೆ. 1984ರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಕಂಪನಿ ಹುಟ್ಟಿತು. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರಿನಲ್ಲಿ, ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವ ಯೋಜನೆ ಅದು. ಕಾಗದದಲ್ಲಿ ಆ ಭೂಮಿ ‘ಪಾಳು’. ಊರವರಿಗೆ ಅದು ದನ ಮೇಯುವ ಜಾಗ, ಕಟ್ಟಿಗೆ, ಸೊಪ್ಪು, ಔಷಧಿ ಬೇರು ಸಿಗುವ ಜಾಗ. ಭೂಮಿ ಇಲ್ಲದವರಿಗಂತೂ ಅದೇ ಆಸರೆ. ‘ಪಾಳು’ ಎಂದು ಬರೆದ ಕೂಡಲೇ ಇವರೆಲ್ಲ ಲೆಕ್ಕದಿಂದ ಹೊರಗಾದರು.

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಜೊತೆ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗವಾಗುವ ಸಸಿ ಹಚ್ಚಿದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1991ರಲ್ಲಿ ಕಂಪನಿ ಮುಚ್ಚಿತು. ಕುಸನೂರಿನವರು ಗಿಡ ಬೇಡ ಅನ್ನಲಿಲ್ಲ; ಯಾವ ಗಿಡ, ಯಾರಿಗಾಗಿ ಎಂದು ಕೇಳಿದರು.

ಈಗ ರಾಣೇಬೆನ್ನೂರಿನ ಕಡೆ ನೋಡೋಣ. 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯ ಅಲ್ಲಿದೆ, ವಿಸ್ತೀರ್ಣ 119 ಚದರ ಕಿ.ಮೀ. ಕೃಷ್ಣಮೃಗ ಬಯಲಿನ ಪ್ರಾಣಿ. ಅದಕ್ಕೆ ಬೇಕಾದದ್ದು ಹುಲ್ಲು, ದೂರ ಕಾಣುವ ತೆರೆದ ನೆಲ. ಆದರೂ ಆ ನೆಲದ ಬಹುಭಾಗದಲ್ಲಿ ನೀಲಗಿರಿ ನೆಡುತೋಪುಗಳಿವೆ. ಗಿಡ ಹೆಚ್ಚಾದರೆ ಪರಿಸರ ಉಳಿಯಿತು ಅನ್ನುವುದು ಎಲ್ಲ ಕಡೆಯೂ ನಿಜವಲ್ಲ. ಹುಲ್ಲುಗಾವಲನ್ನು ‘ಬರಡು’ ಎಂದರೆ ಅದನ್ನೇ ನಂಬಿದ ಜೀವಿಗೂ, ಕುರಿಗಾಹಿಗೂ ಜಾಗ ತಪ್ಪುತ್ತದೆ.

ಮಸುಕು ಮಾತಿನ ಅಪಾಯ ಇಷ್ಟೇ: ಕೇಳಿದವರೆಲ್ಲ ತಮಗೆ ಬೇಕಾದ ಅರ್ಥ ಮಾಡಿಕೊಂಡು ಒಪ್ಪುತ್ತಾರೆ, ಕೊನೆಗೆ ಜಾರಿಗೆ ಬರುವುದು ಅಧಿಕಾರ ಇದ್ದವರ ಅರ್ಥ. ಮುಂದೆ ‘ಹೇಳಿದ್ದು ಆಯಿತೇ?’ ಎಂದು ಅಳೆಯಲಿಕ್ಕೂ ಬರುವುದಿಲ್ಲ.

ಇದಕ್ಕೆ ಔಷಧಿ ಹೆಸರು ಹಿಡಿದು ಬರೆಯುವುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ದಾಖಲಾತಿ ಪುಸ್ತಕ ಇರಬೇಕು. ನಮ್ಮ ಊರಿನ ಹುಲ್ಲು, ಮರ, ಬೇರು, ಕೆರೆ ಅದರಲ್ಲಿ ಹೆಸರಿನಿಂದ ದಾಖಲಾದರೆ, ಆ ಜಾಗವನ್ನು ‘ಪಾಳು’ ಅನ್ನುವವರಿಗೆ ನಾವು ಪುಸ್ತಕ ತೆಗೆದು ತೋರಿಸಬಹುದು.

ಸಂಘದಲ್ಲಿ ಚರ್ಚಿಸಿ, ಗ್ರಾಮಸಭೆಯಲ್ಲಿ ಕೇಳಿ:

1. ಯಾವ ಸರ್ವೆ ನಂಬರು, ಎಷ್ಟು ಎಕರೆ?
2. ಈಗ ಅಲ್ಲಿ ಏನಿದೆ, ಯಾರು ಬಳಸುತ್ತಿದ್ದಾರೆ?
3. ಯಾವ ಗಿಡ? ನೆಟ್ಟ ಮೇಲೆ ದನ-ಕುರಿ ಎಲ್ಲಿ ಮೇಯಬೇಕು?
4. ಫಲ ಯಾರಿಗೆ, ನಷ್ಟ ಯಾರಿಗೆ?
5. ಮೂರು ವರ್ಷದ ನಂತರ ಯಾರು, ಏನನ್ನು ಎಣಿಸುತ್ತಾರೆ?

ಉತ್ತರ ಠರಾವಿನಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.