ಅರಕಲಗೂಡು ತಾಲ್ಲೂಕಿನ ತೋಟಗಳಿಗೆ ರಾಸ್‌ಬೆರಿ: ಜಾತಿಯ ಆಯ್ಕೆಯೂ ಬೆಳೆಸುವ ಕ್ರಮವೂ

ರಾಸ್‌ಬೆರಿಯು ಇಂಗ್ಲೆಂಡು, ಸ್ಕಾಟ್ಲೆಂಡು, ಉತ್ತರ ಅಮೆರಿಕ ಮುಂತಾದ ಶೀತಪ್ರದೇಶಗಳಲ್ಲಿ ಪ್ರಸಿದ್ಧವಾದ ಹಣ್ಣು. ನೋಡುವುದಕ್ಕೆ ಇದು ಹಿಪ್ಪುನೇರಳೆಯ ಹಣ್ಣನ್ನು ಹೋಲುವುದು. ರುಚಿಯಲ್ಲಿ ಸಿಹಿಯೂ ಹುಳಿಯೂ ಬೆರೆತಿರುವುದು. ಪಟ್ಟಣಗಳಲ್ಲಿ ಇದಕ್ಕಿರುವ ಬೆಲೆಯನ್ನು ಕಂಡು, ತಮ್ಮ ಹಿತ್ತಲಿನಲ್ಲಾಗಲಿ ತೋಟದಲ್ಲಾಗಲಿ ಇದನ್ನು ಬೆಳೆಸಬೇಕೆಂಬ ಅಪೇಕ್ಷೆಯು ಭೂಮಾಲೀಕರಲ್ಲಿ ಹುಟ್ಟುವುದು ಸಹಜವೇ ಆಗಿದೆ. ಆದರೆ ಗಿಡಗಳಿಗೆ ಹಣವನ್ನು ಕೊಡುವುದಕ್ಕೆ ಮೊದಲು ಯಾವ ಜಾತಿಯು ನಮ್ಮ ಸೀಮೆಗೆ ಒಗ್ಗುವುದೆಂಬುದನ್ನು ಚೆನ್ನಾಗಿ ವಿಚಾರಿಸತಕ್ಕದ್ದು. ಜಾತಿಯ ಆಯ್ಕೆಯಲ್ಲಿ ತಪ್ಪಿದರೆ, ಮುಂದೆ ಎಷ್ಟು ಗೊಬ್ಬರವನ್ನು ಹಾಕಿದರೂ ಎಷ್ಟು ನೀರನ್ನು ಕಟ್ಟಿದರೂ ಆ ತಪ್ಪು ಸರಿಹೋಗಲಾರದು.

1. ಶೀತದೇಶದ ಕೆಂಪು ರಾಸ್‌ಬೆರಿ

ಈ ಗಿಡದ ಬುಡದಿಂದ ಪ್ರತಿವರ್ಷವೂ ಹೊಸ ಕೋಲುಗಳು ಮೇಲೇಳುವುವು. ಒಂದೊಂದು ಕೋಲಿನ ಆಯುಸ್ಸು ಎರಡು ವರ್ಷ: ಮೊದಲನೆಯ ವರ್ಷ ಎಲೆಬಿಟ್ಟು ಬೆಳೆಯುವುದು, ಎರಡನೆಯ ವರ್ಷ ಹಣ್ಣುಕೊಟ್ಟು ಒಣಗುವುದು. ಈ ಎರಡರ ನಡುವೆ ಕೆಂಪು ರಾಸ್‌ಬೆರಿಗೆ ದೀರ್ಘವಾದ ಚಳಿಯು ಅವಶ್ಯಕ. ಶಾಖವು 7 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದಿರುವ ಕಾಲವು ಸಾಮಾನ್ಯವಾಗಿ 800 ಗಂಟೆಗಳಿಗೆ ಮೇಲ್ಪಟ್ಟು ದೊರೆತಲ್ಲದೆ ಮೊಗ್ಗುಗಳು ಸರಿಯಾಗಿ ಒಡೆಯುವುದಿಲ್ಲ.

ಅರಕಲಗೂಡು ಸಮುದ್ರಮಟ್ಟಕ್ಕೆ ಸುಮಾರು 3,000 ಅಡಿಗಳ ಎತ್ತರದಲ್ಲಿದ್ದರೂ, ಪುಷ್ಯಮಾಸದ ರಾತ್ರಿಗಳಲ್ಲಿ ಕೂಡ ಇಲ್ಲಿಯ ಶಾಖವು ಸಾಧಾರಣವಾಗಿ 14-15 ಡಿಗ್ರಿಗಳಿಗೆ ನಿಲ್ಲುವುದು. ಆದಕಾರಣ ಇಲ್ಲಿ ನೆಟ್ಟ ಕೆಂಪು ರಾಸ್‌ಬೆರಿಯು ಎಲೆಗಳಿಂದ ತುಂಬಿ ಕಣ್ಣಿಗೆ ಹಿತವಾಗಿ ಕಂಡರೂ ಹೂವು ಹಣ್ಣುಗಳು ವಿರಳವಾಗುವುವು. ಯಜಮಾನನು ಗಿಡದ ಸೊಂಪನ್ನು ನೋಡಿ ಮುಂದಿನ ವರ್ಷ ಫಲ ಬಂದೀತೆಂದು ಕಾಯುತ್ತ ಹೋಗುವನು, ಫಲವು ಬಾರದು.

ಮೊದಲನೆಯ ವರ್ಷದ ಕೋಲಿನ ತುದಿಯಲ್ಲಿಯೇ ಹಣ್ಣುಬಿಡುವ ಜಾತಿಗಳೂ ಉಂಟು. ನ್ಯೂಯಾರ್ಕ್ ಸಂಸ್ಥಾನದ ಜಿನೀವಾ ಸಂಶೋಧನಾ ಕೇಂದ್ರದಿಂದ 1969ರಲ್ಲಿ ಹೊರಬಂದ ‘ಹೆರಿಟೇಜ್’ ಎಂಬುದು ಇವುಗಳಲ್ಲಿ ಹೆಸರುವಾಸಿಯಾದುದು. ಇವುಗಳಿಗೆ ಅಷ್ಟು ಚಳಿಯು ಬೇಕಿಲ್ಲ. ಆದರೆ ತಂಪಾದ ಬೇಸಗೆಯು ಬೇಕು. ನಮ್ಮ ಚೈತ್ರ ವೈಶಾಖಗಳ ಬಿಸಿಲು ಇವುಗಳಿಗೆ ಒಗ್ಗದು. ಕೆಲವು ಬೆಚ್ಚನೆಯ ದೇಶಗಳಲ್ಲಿ ಕೋಲುಗಳನ್ನು ಶೀತಗೃಹದಲ್ಲಿಟ್ಟು ಚಳಿಯನ್ನುಣಿಸಿ ಅನಂತರ ನೆಡುವ ಪದ್ಧತಿಯು ಇರುವುದಾದರೂ, ಅದು ಬಹಳ ಬಂಡವಾಳದ ಕೆಲಸ. ಮನೆಯ ತೋಟಕ್ಕೆ ತಕ್ಕದ್ದಲ್ಲ.

2. ಮೈಸೂರು ರಾಸ್‌ಬೆರಿ

ಹಾಗಾದರೆ ನಮಗೆ ತಕ್ಕ ಜಾತಿಯೇ ಇಲ್ಲವೆ? ಉಂಟು, ಅದು ನಮ್ಮ ನಾಡಿನ ಹೆಸರನ್ನೇ ಹೊತ್ತಿದೆ. ಸಸ್ಯಶಾಸ್ತ್ರಜ್ಞರು ‘ರೂಬಸ್ ನಿವಿಯಸ್’ ಎಂದು ಕರೆಯುವ ಗಿಡವು ಹೊರದೇಶಗಳಲ್ಲಿ ‘ಮೈಸೂರು ರಾಸ್‌ಬೆರಿ’ ಎಂದೇ ಪ್ರಖ್ಯಾತವಾಗಿದೆ. ಹಿಮಾಲಯದ ತಪ್ಪಲುಗಳಲ್ಲಿಯೂ ಬರ್ಮಾದೇಶದಲ್ಲಿಯೂ ದಕ್ಷಿಣ ಹಿಂದೂಸ್ಥಾನದ ಬೆಟ್ಟಗಳಲ್ಲಿಯೂ ಇದು ತಾನಾಗಿ ಬೆಳೆಯುವುದು. ಅಮೆರಿಕದ ಫ್ಲಾರಿಡಾ ಸಂಸ್ಥಾನದ ದಕ್ಷಿಣಭಾಗವು ಉಷ್ಣಪ್ರದೇಶವಾದುದರಿಂದ ಅಲ್ಲಿ ಕೆಂಪು ರಾಸ್‌ಬೆರಿಯು ಫಲಿಸದೆ, ಅಲ್ಲಿಯ ತೋಟಗಾರರು ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಈ ಜಾತಿಯನ್ನೇ ಬೆಳೆಸುತ್ತ ಬಂದಿದ್ದಾರೆ. ಚಳಿಯ ನಿರೀಕ್ಷೆಯಿಲ್ಲದೆ ಫಲಕೊಡುವುದೇ ಇದರ ಮುಖ್ಯ ಗುಣ.

ಗಿಡವನ್ನು ಗುರುತಿಸುವ ಬಗೆ ಹೀಗಿದೆ. ಕೋಲುಗಳು ಬಿಲ್ಲಿನಂತೆ ಬಾಗಿ, ನೇರಳೆ ಬಣ್ಣದ ಮೇಲೆ ಬೂದಿ ಬಳಿದಂತೆ ಬೆಳ್ಳಗೆ ಕಾಣುವುವು, ಕೊಕ್ಕೆಯಂತಹ ಮುಳ್ಳುಗಳಿರುವುವು. ಒಂದು ತೊಟ್ಟಿನಲ್ಲಿ ಐದರಿಂದ ಒಂಬತ್ತು ಚಿಕ್ಕ ಎಲೆಗಳಿದ್ದು, ಅವುಗಳ ಅಡಿಯು ಬೆಳ್ಳಗೆ ನವುರಾಗಿರುವುದು. ಹೂವು ನಸುಗೆಂಪು. ಹಣ್ಣು ಮೊದಲು ಕೆಂಪಾಗಿದ್ದು, ಮಾಗಿದ ಮೇಲೆ ಕಡುನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು; ಗಾತ್ರದಲ್ಲಿ ಕೆಂಪು ರಾಸ್‌ಬೆರಿಗಿಂತ ಚಿಕ್ಕದು.

ಬೆಟ್ಟಗಳಲ್ಲಿ ಹಳದಿ ಹಣ್ಣಿನ ಮತ್ತೊಂದು ಜಾತಿಯೂ ಉಂಟು. ಅದಕ್ಕೆ ಒಂದು ತೊಟ್ಟಿನಲ್ಲಿ ಮೂರೇ ಎಲೆ. ಕೋಲಿನ ಮೇಲೆ ಕೆಂಗೂದಲುಗಳು ದಟ್ಟವಾಗಿರುವುವು. ಹಣ್ಣು ರುಚಿಯಾದುದಾದರೂ, ಅದು ಮಿತಿಮೀರಿ ಹಬ್ಬುವ ಗಿಡವಾದ ಕಾರಣ ತೋಟಕ್ಕೆ ತರದಿರುವುದೇ ಲೇಸು.

3. ನೆಲದ ಆಯ್ಕೆ

ನಮ್ಮ ತಾಲ್ಲೂಕಿನಲ್ಲಿ ಮಳೆಯು ಪಶ್ಚಿಮದಿಂದ ಪೂರ್ವಕ್ಕೆ ಕಡಮೆಯಾಗುತ್ತ ಹೋಗುವುದು. ಮಲೆನಾಡಿನ ಸೆರಗಿನಲ್ಲಿರುವ ಮಲ್ಲಿಪಟ್ಟಣದ ಹೋಬಳಿಯು ಈ ಗಿಡಕ್ಕೆ ಹೆಚ್ಚು ಅನುಕೂಲ. ಕೊಣನೂರು, ರಾಮನಾಥಪುರ, ದೊಡ್ಡಮಗ್ಗೆ ಹೋಬಳಿಗಳಲ್ಲಿ ಬೇಸಗೆಯ ನೀರಿಗೆ ಬಾವಿಯ ಆಸರೆಯೂ ಮಧ್ಯಾಹ್ನದ ನಂತರ ತೆಳುವಾದ ನೆರಳೂ ಇರುವ ಸ್ಥಳವನ್ನು ಆರಿಸತಕ್ಕದ್ದು. ನೀರು ಬಸಿದುಹೋಗುವ ಕೆಂಪು ಗೋಡುಮಣ್ಣು ಉತ್ತಮ. ಗದ್ದೆಯ ಬದಿಯಲ್ಲಿಯೂ ನಾಲೆಯ ಜಿನುಗುನೀರು ನಿಲ್ಲುವ ತಗ್ಗಿನಲ್ಲಿಯೂ ಬೇರು ಕೊಳೆಯುವುದು.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಆಲೂಗೆಡ್ಡೆಯೂ ಹೊಗೆಸೊಪ್ಪೂ ನಮ್ಮ ಸೀಮೆಯ ಮುಖ್ಯ ಬೆಳೆಗಳು. ಆಲೂಗೆಡ್ಡೆ, ಟೊಮ್ಯಾಟೊ, ಬದನೆ, ಮೆಣಸಿನಕಾಯಿಗಳಿಗೆ ತಗಲುವ ‘ವರ್ಟಿಸಿಲಿಯಂ’ ಎಂಬ ಸೊರಗುರೋಗದ ಬೂಷ್ಟು ಮಣ್ಣಿನಲ್ಲಿ ಅನೇಕ ವರ್ಷ ಉಳಿದು ರಾಸ್‌ಬೆರಿಯ ಕೋಲುಗಳನ್ನೂ ಸೊರಗಿಸುವುದು. ಆದುದರಿಂದ ಈ ವರ್ಗದ ಬೆಳೆಗಳನ್ನು ತೆಗೆದ ಹೊಲದಲ್ಲಿ ರಾಸ್‌ಬೆರಿಯನ್ನು ನೆಡಕೂಡದು. ಮನೆಯ ಹಿತ್ತಲು, ತೆಂಗಿನ ತೋಟದ ಅಂಚು, ರಾಗಿ ಬೆಳೆದ ಮೇಲುನೆಲ ಇವು ಯೋಗ್ಯ.

4. ನಾಟಿಯೂ ಆರೈಕೆಯೂ

ಮೃಗಶಿರಾ ಮಳೆಯು ಹಿಡಿದ ಮೇಲೆ ಒಂದೂವರೆ ಅಡಿ ಉದ್ದಗಲ ಆಳದ ಗುಣಿಗಳನ್ನು ಎಂಟೆಂಟು ಅಡಿಗಳ ಅಂತರದಲ್ಲಿ ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನು ಮೇಲ್ಮಣ್ಣಿನೊಡನೆ ಬೆರೆಸಿ ತುಂಬಿ, ಗಿಡವನ್ನು ನೆಡಬೇಕು. ಸಾಲಿನ ಎರಡು ತುದಿಗಳಲ್ಲಿ ಕಂಬ ನಿಲ್ಲಿಸಿ, ಮೂರು ಮತ್ತು ಐದು ಅಡಿಗಳ ಎತ್ತರದಲ್ಲಿ ತಂತಿಯನ್ನೆಳೆದು ಕೋಲುಗಳನ್ನು ಕಟ್ಟಿದರೆ ಹಣ್ಣು ಬಿಡಿಸುವುದು ಸುಲಭ. ಬುಡಕ್ಕೆ ತರಗೆಲೆಯ ಹೊದಿಕೆಯನ್ನು ಹಾಕಿ, ಮಳೆಯಿಲ್ಲದ ತಿಂಗಳುಗಳಲ್ಲಿ ನೆಲದ ತೇವವು ಆರದಂತೆ ನೀರು ಕೊಡಬೇಕು.

ಗಿಡಗಳನ್ನು ಹೆಚ್ಚಿಸಿಕೊಳ್ಳಲು ಹಣ ಬೇಕಿಲ್ಲ. ಬಾಗಿದ ಕೋಲಿನ ಕುಡಿಯನ್ನು ಹಿಂದಿನ ಮಳೆಗಾಲದಲ್ಲಿ ಮೂರು ನಾಲ್ಕು ಅಂಗುಲ ಆಳಕ್ಕೆ ಹೂತು ಕಲ್ಲು ಹೇರಿದರೆ ಬೇರು ಬಿಡುವುದು. ಆಗ ಒಂದು ಅಡಿ ಕೋಲಿನೊಡನೆ ಕತ್ತರಿಸಿ ಬೇರೆಡೆ ನೆಡಬಹುದು.

ಕೋಲು ಸವರುವುದು ಅತಿಮುಖ್ಯ. ಹಣ್ಣು ಮುಗಿದ ಕೂಡಲೆ ಫಲಕೊಟ್ಟ ಕೋಲುಗಳನ್ನು ನೆಲಮಟ್ಟಕ್ಕೆ ಕತ್ತರಿಸಿ ಸುಡಬೇಕು. ರೋಗಗಳು ಅಡಗುವುದು ಅವುಗಳಲ್ಲಿಯೇ. ಹೊಸ ಕೋಲುಗಳಲ್ಲಿ ಬಲವಾದ ಐದಾರನ್ನು ಮಾತ್ರ ಉಳಿಸಿ, ಅವು ನಾಲ್ಕೈದು ಅಡಿಗಳಾದಾಗ ಕುಡಿ ಚಿವುಟಿದರೆ ಪಕ್ಕದ ಕವಲುಗಳೊಡೆದು ಫಲವು ಹೆಚ್ಚುವುದು. ಸವರದೆ ಬಿಟ್ಟರೆ ಎರಡು ವರ್ಷಗಳಲ್ಲಿ ತೋಟವು ಮುಳ್ಳಿನ ಪೊದೆಯಾಗುವುದು.

ಕೆಂಪಾದ ಹಣ್ಣನ್ನು ಕೀಳಬಾರದು. ಕಪ್ಪಾಗಿ, ಮುಟ್ಟಿದೊಡನೆ ತಿರುಳಗೂಟದಿಂದ ಕಳಚಿಬರುವ ಹಣ್ಣೇ ಮಾಗಿದುದು. ಬೆಳಗಿನ ತಂಪಿನಲ್ಲಿ ಬಿಡಿಸಿ ಆಳವಿಲ್ಲದ ಬುಟ್ಟಿಯಲ್ಲಿಡಬೇಕು. ಒಂದೆರಡು ದಿನಕ್ಕಿಂತ ಹೆಚ್ಚಾಗಿ ಹಣ್ಣು ನಿಲ್ಲದಾದುದರಿಂದ ದೂರದ ಮಾರುಕಟ್ಟೆಯನ್ನು ನಂಬಿ ಎಕರೆಗಟ್ಟಲೆ ನೆಡುವುದು ವಿವೇಕವಲ್ಲ. ಮನೆಯ ಮಕ್ಕಳ ಆಹಾರಕ್ಕೂ ಮುರಬ್ಬಕ್ಕೂ ಪಾನಕಕ್ಕೂ ಇದು ಶ್ರೇಷ್ಠ.

5. ಎಚ್ಚರಿಕೆ

ಸುಲಭವಾಗಿ ಬೆಳೆಯುವ ಗಿಡವು ಸುಲಭವಾಗಿ ಕಳೆಯೂ ಆಗಬಲ್ಲುದು. ಹಣ್ಣಿಗೆಂದು ಗಲಪಾಗಸ್ ದ್ವೀಪಗಳಿಗೆ ಒಯ್ದ ಇದೇ ಜಾತಿಯು ಪಕ್ಷಿಗಳ ಮೂಲಕ ಕಾಡಿಗೆ ಹಬ್ಬಿ, ಅಲ್ಲಿಯ ಮೂಲಸಸ್ಯಗಳನ್ನು ಅಡಗಿಸುತ್ತಿದೆ. ಹವಾಯಿಯಲ್ಲಿಯೂ ಇದನ್ನು ಹಾನಿಕರವಾದ ಕಳೆಗಳ ಪಟ್ಟಿಗೆ ಸೇರಿಸಿದ್ದಾರೆ. ಆದಕಾರಣ ಕೆರೆಯ ಏರಿ, ನಾಲೆಯ ದಡ, ಕಾಡಿನ ಅಂಚು, ಗೋಮಾಳ ಇವುಗಳ ಸಮೀಪದಲ್ಲಿ ನೆಡಬಾರದು. ಹಣ್ಣಿನ ಕಾಲದಲ್ಲಿ ಬಲೆಯನ್ನು ಹೊದಿಸಬೇಕು. ಬೇಲಿಯ ಹೊರಗೆ ಹುಟ್ಟಿದ ಸಸಿಗಳನ್ನು ಬೇರುಸಹಿತ ಕೀಳಬೇಕು. ರಕ್ಷಿತಾರಣ್ಯದಿಂದ ಗಿಡ ತರುವುದು ಅಪರಾಧವಾದುದರಿಂದ ನಂಬಿಕೆಯ ಸಸ್ಯಕ್ಷೇತ್ರದಲ್ಲಿ ಎಲೆಯನ್ನೂ ಕೋಲನ್ನೂ ಪರೀಕ್ಷಿಸಿಯೇ ಕೊಳ್ಳಬೇಕು.

ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ. ಊರಿನಲ್ಲಿ ಹತ್ತು ಮಂದಿ ಏಕಕಾಲದಲ್ಲಿ ಹಣ ಹಾಕುವುದಕ್ಕಿಂತ, ನೀರಿನ ಅನುಕೂಲವುಳ್ಳ ಒಬ್ಬರು ನಾಲ್ಕಾರು ಗಿಡಗಳನ್ನು ಎರಡು ವರ್ಷ ಬೆಳೆಸಿ, ಹೂಬಿಟ್ಟ ದಿನ, ಹಣ್ಣಾದ ದಿನ, ದೊರೆತ ತೂಕ, ಆದ ವೆಚ್ಚ ಇವುಗಳನ್ನು ಬರೆದಿಟ್ಟು ಉಳಿದವರಿಗೆ ತೋರಿಸಲಿ. ಅಂತಹ ಒಂದು ತೋಟದ ಲೆಕ್ಕವು ಹೊರದೇಶದ ಬಣ್ಣದ ಚಿತ್ರಗಳಿಗಿಂತ ಹೆಚ್ಚು ಉಪಕಾರಿಯಾಗುವುದರಲ್ಲಿ ಸಂದೇಹವಿಲ್ಲ.